ಕತ್ತರಿಸುವ ಮೊದಲು ಹಾಲೂಡಿಸುವುದನ್ನು ನೋಡಿ

ಮಾನ್ಯ ಸಂಪಾದಕರೇ,

ಹಸುಗೂಸಿನ ನಾಲಿಗೆಯಡಿಯ ತಂತುವನ್ನು (ನಾಲಿಗೆಯನ್ನು ಬಾಯಿಯ ತಳಕ್ಕೆ ಜೋಡಿಸುವ ತೆಳುಪೊರೆಯನ್ನು) ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆ ನನ್ನ ಒಂದು ಮಗುವಿಗೆ ಬೇಕಿತ್ತು, ಇನ್ನೊಂದಕ್ಕೆ ಬೇಕಿರಲಿಲ್ಲ. ಎರಡೂ ಸಲ ಮೊದಲು ಸಿಕ್ಕ ಸಲಹೆ ತಪ್ಪಾಗಿತ್ತು ಎಂಬ ಕಾರಣಕ್ಕೆ ಈ ಪತ್ರ.

ಮಗ ಅತ್ತಾಗ ನಾಲಿಗೆಯ ತುದಿ ಮೇಲೇಳುತ್ತಿರಲಿಲ್ಲ. ನಡುವೆ ಒಳಕ್ಕೆ ಜಗ್ಗಿ ಎರಡು ಎಸಳಿನಂತೆ ಕಾಣುತ್ತಿತ್ತು. ಹಾಲು ಕುಡಿಯುವಾಗ ಲೊಚಲೊಚನೆ ಹಿಡಿತ ತಪ್ಪುವ ಸದ್ದು. ಬಾಯಿ ಬಿಟ್ಟ ಮೇಲೆ ನೋಡಿದರೆ ಮೊಲೆತೊಟ್ಟು ಓರೆಯಾಗಿ ಚಪ್ಪಟೆಯಾಗಿ ಬಿಳಿಚಿಕೊಂಡಿರುತ್ತಿತ್ತು. ಬಿರುಕಿನಿಂದ ರಕ್ತ ಜಿನುಗಿದರೂ ‘ಮೊದಲ ಮಗು, ಹಾಗೆಯೇ, ಸಹಿಸಿಕೋ’ ಎಂದವರೇ ಎಲ್ಲ. ಮೂರು ವಾರ ಹಲ್ಲುಕಚ್ಚಿಕೊಂಡು ಸಹಿಸಿದೆ. ಮಗುವಿನ ತೂಕ ಏರಲಿಲ್ಲ.

ಕೊನೆಗೆ ವೈದ್ಯರೊಬ್ಬರು ನಾಲಿಗೆಯಡಿ ಬೆರಳಾಡಿಸಿ ನೋಡಿದರು. ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದಾರೆಯೇ, ಮನೆತನದಲ್ಲಿ ರಕ್ತಸ್ರಾವದ ಕಾಯಿಲೆ ಇದೆಯೇ ಎಂದು ಕೇಳಿದರು. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಾಲಿಗೆ ಎತ್ತಿ ಹಿಡಿದು, ಮೊಂಡುತುದಿಯ ಕತ್ತರಿಯಿಂದ ಆ ತೆಳುಪೊರೆಯನ್ನು ಬಿಡಿಸಿದರು. ಕೆಲವೇ ಸೆಕೆಂಡು; ಹತ್ತಿಯ ಮೇಲೆ ಎರಡು ಹನಿ ರಕ್ತ. ಅಳು ನಿಲ್ಲುವ ಮುನ್ನವೇ ಎದೆಗೆ ಹಾಕಿಕೊಂಡೆ. ಅಂದೇ ನೋವು ಅರ್ಧಕ್ಕಿಳಿಯಿತು. ಮರುದಿನ ಅಲ್ಲಿ ಬಿಳಿ ಗುರುತು ಕಂಡು ಕೀವಾಯಿತೆಂದು ನಡುಗಿದೆ. ಅದು ಗಾಯ ಮಾಯುವ ಬಗೆ ಎಂದು ಮೊದಲೇ ಯಾರಾದರೂ ಹೇಳಬಹುದಿತ್ತು.

ಮಗಳು ಹುಟ್ಟಿದ ಐದನೆಯ ದಿನ ನಾಲಿಗೆ, ಮೇಲ್ದುಟಿ ಎರಡನ್ನೂ ಲೇಸರ್‌ನಿಂದ ಬಿಡಿಸಬೇಕೆಂದರು. ಹೇಳಿದವರು ತುಟಿ ಎತ್ತಿ ನೋಡಿದ್ದರು, ಅಷ್ಟೇ. ಅವಳು ಹಾಲು ಕುಡಿಯುವುದನ್ನು ನೋಡಿರಲಿಲ್ಲ. ಹಿಂದಿನ ಅನುಭವವಿದ್ದ ನಾನೂ ಒಪ್ಪುವವಳಿದ್ದೆ. ಹಾಲೂಡಿಸುವ ಬಗ್ಗೆ ತರಬೇತಿ ಪಡೆದ ದಾದಿಯೊಬ್ಬರು ಪಕ್ಕದಲ್ಲಿ ಕುಳಿತು, ಆರಂಭದಿಂದ ಕೊನೆಯವರೆಗೆ ನೋಡಿದರು. ಕೂಸಿನ ಕತ್ತು ಒಂದು ಬದಿಗೆ ತಿರುಚಿಕೊಂಡಿತ್ತು. ಅವಳ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಬಾಯಿ ಅಗಲವಾಗಿ ತೆರೆಯುವವರೆಗೂ ಕಾಯಲು ಹೇಳಿದರು. ಎರಡೇ ದಿನಗಳಲ್ಲಿ ನನ್ನ ನೋವು ಹೋಯಿತು. ಆ ತಂತು ಇಂದಿಗೂ ಹಾಗೆಯೇ ಇದೆ. ನಾಲಿಗೆ ಚಾಚಿ ಅಣ್ಣನನ್ನು ಅಣಕಿಸುವುದಕ್ಕೆ ಅದೇನೂ ಅಡ್ಡಿಯಾಗಿಲ್ಲ.

ನಾಲಿಗೆಯಡಿಯಲ್ಲೂ ಮೇಲ್ದುಟಿಯ ಒಳಗೂ ಇಂಥ ತಂತು ಎಲ್ಲರಿಗೂ ಇರುತ್ತದೆ. ಅದು ಕಾಣುವುದೇ ಕಾಯಿಲೆಯಲ್ಲ. ನಾಲಿಗೆಯ ಚಲನೆಗೆ ತಡೆಯಾಗಿದೆಯೇ ಎಂಬುದು ಮುಖ್ಯ. ಹಾಲು ಕುಡಿಯಲೆಂದು ತುಟಿಯ ತಂತುವನ್ನು ಕತ್ತರಿಸುವುದಕ್ಕೆ ಗಟ್ಟಿಯಾದ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2024ರ ವರದಿಯಲ್ಲಿ ಹೇಳಿದೆ. ಅದನ್ನು ಕತ್ತರಿಸದಿದ್ದರೆ ಮುಂದೆ ಹಲ್ಲಿನ ನಡುವೆ ಸಂದಿ ಉಳಿಯುತ್ತದೆ ಎಂದು ಹೆದರಿಸುವವರಿದ್ದಾರೆ. ಶಾಶ್ವತ ಕೋರೆಹಲ್ಲು ಬರುವ ಹೊತ್ತಿಗೆ ಆ ಸಂದಿ ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮಾತು ತಡವಾಗುತ್ತದೆಂಬ ಭಯದಿಂದ ಎಳೆಗೂಸಿನ ನಾಲಿಗೆಗೆ ಕತ್ತರಿ ಹಾಕಿಸುವುದೂ ಸಲ್ಲದು.

ಹೆರಿಗೆಯಾದ ಪ್ರತಿ ತಾಯಿಯ ಪಕ್ಕದಲ್ಲಿ, ಮನೆಗೆ ಕಳುಹಿಸುವ ಮುನ್ನ, ಬಲ್ಲವರೊಬ್ಬರು ಒಂದು ಹೊತ್ತಿನ ಹಾಲೂಡಿಕೆ ಮುಗಿಯುವವರೆಗೆ ಕುಳಿತು ನೋಡುವಂತಾಗಲಿ ಎಂಬುದು ಆಸ್ಪತ್ರೆಗಳಿಗೆ ನನ್ನ ಕೋರಿಕೆ. ಮಗಳು ಲೇಸರ್‌ನಿಂದ ಉಳಿದದ್ದು ಆ ಅರ್ಧ ಗಂಟೆಯಿಂದ. ಮಗನಿಗೂ ಮೊದಲ ವಾರದಲ್ಲೇ ಅದು ಸಿಕ್ಕಿದ್ದರೆ ಅಷ್ಟು ದಿನ ಅರೆಹೊಟ್ಟೆಯಲ್ಲಿ ಅಳಬೇಕಾಗಿರಲಿಲ್ಲ.

– ಇಬ್ಬರು ಮಕ್ಕಳ ತಾಯಿ