ಕಡಂಬುಟ್ಟಿನ ಕಾಲುಭಾಗ

ವಿರಾಜಪೇಟೆ,
ಆಗಸ್ಟ್ 18

ಪ್ರೀತಿಯ ಮಗಳೇ,

ಒಂದೂಕಾಲು ವರ್ಷವಾದರೂ ಪುಟ್ಟಿ ಒಂದು ತುತ್ತೂ ತಾನಾಗಿ ತಿನ್ನಲ್ಲ, ಕಲಸಿ ಎರಚುತ್ತಾಳೆ ಎಂದು ಬರೆದಿದ್ದೀಯ. ಎರಚುವುದು ಹಾಗಿರಲಿ, ಅವಳ ಮುಂದೆ ಏನಿಟ್ಟಿದ್ದೀಯ ಎಂದು ಮೊದಲು ನೋಡು. ಸಾರು-ಅನ್ನ ದೊಡ್ಡವರ ಬೆರಳ ಸಂದಿಯಲ್ಲೇ ನಿಲ್ಲುವುದಿಲ್ಲ. ಅವಳ ಮುಷ್ಟಿಯಲ್ಲಿ ನಿಲ್ಲುವಂಥದ್ದು ಬೇಕು, ನಮ್ಮ ಅಡುಗೆಮನೆಯಲ್ಲಿ ಅದಕ್ಕೇನು ಬರ?

ಅಕ್ಕಿತರಿಯ ಹಬೆಯುಂಡೆ, ನಮ್ಮ ಕಡಂಬುಟ್ಟಿನಿಂದ ಶುರು ಮಾಡು. ಹಬೆಯಿಂದ ಇಳಿಸಿ, ಉಗುರುಬೆಚ್ಚಗಾದ ಮೇಲೆ ಒಂದನ್ನು ನಾಲ್ಕು ಮಾಡಿ ಒಂದೇ ಭಾಗ ತಟ್ಟೆಗಿಡು. ಗುಂಡಗೆ ಬಿಡಬೇಡ, ಅದುಮಿ ಚಪ್ಪಟೆ ಮಾಡು. ತಣ್ಣಗಾದರೆ ಅಕ್ಕಿತರಿ ಬಿಗಿದುಕೊಳ್ಳುತ್ತದೆ, ಆಗ ಅವಳು ಒಮ್ಮೆ ಬಾಯಿಗಿಟ್ಟು ಉಗಿಯುತ್ತಾಳೆ. ನೀನು ಅದನ್ನು ಹಟ ಅಂದುಕೊಳ್ಳುತ್ತೀಯ. ಬೆಳಗಿನದ್ದನ್ನು ಮಧ್ಯಾಹ್ನ ಕೊಡುವುದಾದರೆ ಇನ್ನೊಮ್ಮೆ ಹಬೆಗಿಡು. ಒಣದಾಗಿ ಕೊಟ್ಟರೆ ಅಂಗುಳಿಗೆ ಅಂಟುತ್ತದೆ, ತುಪ್ಪ ಸವರು ಅಥವಾ ಕುಂಬಳಕಾಯಿ ಕರಿಯಲ್ಲಿನ ಹೋಳು ಕಿವುಚಿ ಬಳಿ. ಹಾಲು, ತೆಂಗಿನತುರಿ ಹಾಕಿ ಹಬೆಯಲ್ಲಿ ಬೇಯಿಸಿದ ಪಾಪುಟ್ಟನ್ನು ನಿನ್ನ ಕಿರುಬೆರಳಿನಷ್ಟು ಉದ್ದಕ್ಕೆ ಕೊಯ್ದುಕೊಡು, ಹಿಡಿದ ಮುಷ್ಟಿಯಿಂದ ತುದಿ ಹೊರಗೆ ಕಾಣಬೇಕು. ಒತ್ತುಶ್ಯಾವಿಗೆಯಂಥ ನೂಪುಟ್ಟಿನ ಎಳೆಯನ್ನು ಕತ್ತರಿಯಲ್ಲಿ ತುಂಡರಿಸು. ಆರಿದ ಅಕ್ಕಿ ಒಟ್ಟಿ (ರೊಟ್ಟಿ) ಸದ್ಯಕ್ಕೆ ಬೇಡ, ಜಗಿಯಲು ದವಡೆ ಹಲ್ಲು ಬರಲಿ. ತೋಟದ ಬೆಣ್ಣೆಹಣ್ಣು ಕೈಯಿಂದ ಜಾರುತ್ತದೆ. ಹೋಳುಗಳನ್ನು ಹುರಿದ ರಾಗಿಹಿಟ್ಟಿನಲ್ಲಿ ಹೊರಳಿಸಿದರೆ ಹಿಡಿತ ಸಿಗುತ್ತದೆ.

ಪಂದಿ ಕರಿ, ಅಂದರೆ ಹಂದಿಮಾಂಸದ ಸಾರು, ಕೊಡಬಹುದಾ ಎಂದು ಕೇಳಿದ್ದೀಯ. ಧಾರಾಳವಾಗಿ ಕೊಡು, ಕಬ್ಬಿಣಾಂಶಕ್ಕೆ ಮಾಂಸ ಒಳ್ಳೆಯದೇ. ಖಾರ, ಹುಳಿಯ ಕಾಚಂಪುಳಿ ಹಾಕುವ ಮೊದಲೇ ಅವಳ ಪಾಲನ್ನು ಎತ್ತಿಟ್ಟು ಬೇರೆ ಪಾತ್ರೆಯಲ್ಲಿ ಬೆರಳಲ್ಲೇ ಬಿಡಿಸಲು ಬರುವಷ್ಟು ಮೆತ್ತಗೆ ಬೇಯಿಸು. ನಾರು ನಾರಾಗಿ ಹಿಂಜಿ, ಸಣ್ಣದಾಗಿ ಕೊಚ್ಚು. ಮೂಳೆಯ ಚೂರು ಇದೆಯಾ ಎಂದು ಕಣ್ಣಿಂದ ನೋಡಿದರೆ ಸಾಲದು, ಬೆರಳಿಂದ ತಡವು.

ಚಮಚಕ್ಕೆ ಅವಸರ ಬೇಡ. ಹೆಚ್ಚಿನ ಮಕ್ಕಳಿಗೆ ಚಮಚದ ಹಿಡಿತ ಒಂದೂವರೆ ವರ್ಷದಿಂದ ಎರಡರ ಹೊತ್ತಿಗೆ ಸರಿಹೋಗುತ್ತದೆ. ಹಿಡಿ ಗಿಡ್ಡ, ದಪ್ಪ ಇರಲಿ, ಬಾಯಿ ಆಳವಿಲ್ಲದ್ದಾಗಿರಲಿ. ಎರಡು ಚಮಚ ಇಟ್ಟುಕೋ: ಗಟ್ಟಿ ಮೊಸರನ್ನ ತುಂಬಿದ್ದು ಅವಳ ಕೈಗೆ, ಅವಳು ಬಾಯಿಗೆ ಒಯ್ಯುವಾಗ ಇನ್ನೊಂದನ್ನು ತುಂಬಿಟ್ಟಿರು. ಬಾಯಿಯ ಬಳಿ ಬಂದಾಗ ಮಣಿಕಟ್ಟು ತಿರುಗಿ ಅರ್ಧ ಚೆಲ್ಲುತ್ತದೆ. ಆಗ ಕೈ ಹಿಡಿದು ತಿದ್ದಲು ಹೋಗಬೇಡ, ಚಮಚವನ್ನೇ ಎಸೆದುಬಿಡುತ್ತಾಳೆ.

ಸ್ಟೀಲ್ ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸು. ಕುಳಿತಾಗ ಪಾದ ಗಾಳಿಯಲ್ಲಿ ತೂಗಾಡಬಾರದು. ಎತ್ತರದ ಕುರ್ಚಿಯಾದರೆ ಪಾದಕ್ಕೆ ಮಣೆ ಕಟ್ಟು. ಈ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ನಿನ್ನ ಸಿಟ್ಟಿಗೆ ಅರ್ಧ ಕಾರಣ ಅದೇ ಇರಬೇಕು. ಸ್ವೆಟರ್ ಕಳಚಿ ಹಳೆ ಅಂಗಿ ಹಾಕು, ಒಲೆಯ ಹತ್ತಿರ ಬೆಚ್ಚಗಿರುವಲ್ಲಿ, ಬೆಂಕಿ ಕೈಗೆಟುಕದಷ್ಟು ದೂರದಲ್ಲಿ ಕೂರಿಸು, ನೆಲಕ್ಕೆ ಹಳೆ ಪೇಪರ್ ಹಾಸು. ಮುಖ, ಕೈ ಊಟ ಮುಗಿದ ಮೇಲೆಯೇ ಒರೆಸು. ಪ್ರತಿ ತುತ್ತಿಗೂ ಒರೆಸಿದರೆ ಮಗು ಅನ್ನ ಮುಟ್ಟುವುದಕ್ಕೇ ಅಸಹ್ಯಪಡಲು ಕಲಿಯಬಹುದು.

ಹಸಿವಿಲ್ಲದ ಮಗು ಮಾತ್ರ ಏನು ಕೊಟ್ಟರೂ ಆಟವೇ ಆಡುತ್ತದೆ. ದಿನಕ್ಕೆ ಅವಳ ಹೊಟ್ಟೆಗೆ ಎಷ್ಟು ಹಾಲು ಹೋಗುತ್ತಿದೆ ಎಂದು ಅಳೆದು ನೋಡು. ವರ್ಷ ದಾಟಿದ ಮೇಲೆ 500 ಮಿ.ಲೀ. ಒಳಗಿದ್ದರೆ ಸಾಕು, ಹೆಚ್ಚಾದರೆ ಹಸಿವೂ ಸಾಯುತ್ತದೆ, ರಕ್ತಹೀನತೆಗೂ ದಾರಿ. ಊಟಕ್ಕೆ ಮೊದಲಿನ ಒಂದೂವರೆ ಗಂಟೆ ಹಾಲು, ಬಿಸ್ಕತ್ತು ಯಾವುದೂ ಬೇಡ. ಅರ್ಧ ಗಂಟೆಗೆ ತಟ್ಟೆ ಎತ್ತು. ಆಮೇಲೆ ಅಂಗಳದಲ್ಲಿ ಅಟ್ಟಿಸಿಕೊಂಡು ಹೋಗಿ ತುತ್ತು ತುರುಕುವುದನ್ನು ಅಜ್ಜಿಯೂ ನಿಲ್ಲಿಸಬೇಕು; ಅತ್ತೆಗೆ ನೀನು ಹೇಳುವುದು ಕಷ್ಟವಾದರೆ ಅವರ ಮಗನ ಬಾಯಿಂದ ಹೇಳಿಸು. ಮೊಬೈಲಂತೂ ಬೇಡವೇ ಬೇಡ.

ಇಡೀ ಕಡಲೆಬೀಜ, ಹಸಿ ಕ್ಯಾರೆಟ್, ಇಡೀ ದ್ರಾಕ್ಷಿ, ಅಡಿಕೆಚೂರು ಅವಳ ಕೈಗೆ ಸಿಗಬಾರದು. ಓಕರಿಸಿ ಕೆಮ್ಮಿದರೆ ಹೆದರಬೇಡ, ತಾನೇ ಹೊರಹಾಕುತ್ತಾಳೆ. ಸದ್ದೇ ಇಲ್ಲದೆ ಬಾಯಿ ತೆರೆದು ಒದ್ದಾಡಿದರೆ ಮುಂದಕ್ಕೆ ಬಗ್ಗಿಸಿ, ಅಂಗೈ ಬುಡದಿಂದ ಬೆನ್ನಿನ ಹೆಗಲುಮೂಳೆಗಳ ನಡುವೆ ಐದು ಸಲ ಬಲವಾಗಿ ತಟ್ಟು. ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತು. ಹೀಗೆ ಎರಡನ್ನೂ ಬದಲಾಯಿಸುತ್ತಿರು, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡ, ಇನ್ನೂ ಒಳಗೆ ಹೋಗುತ್ತದೆ. ಅವಳು ತಿನ್ನುವಷ್ಟು ಹೊತ್ತೂ ಯಾರಾದರೂ ಎದುರಿಗಿರಲಿ.

ಕೈಲ್ ಮುಹೂರ್ತ ಹಬ್ಬಕ್ಕೆ ಮನೆತನದ ಮೂಲಮನೆಯಾದ ಐನ್‌ಮನೆಗೆ ಬರುವಾಗ ಅವಳ ತಟ್ಟೆ, ಚಮಚ ಮರೆಯಬೇಡ. ಬಂದವರೆಲ್ಲ ಎತ್ತಿಕೊಂಡು ಒಂದೊಂದು ತುತ್ತು ಇಡಲು ನೋಡುತ್ತಾರೆ. ನಿನ್ನ ಪಕ್ಕದಲ್ಲೇ ಕೂರಿಸಿಕೋ, ಕಡಂಬುಟ್ಟಿನ ಕಾಲುಭಾಗ ನಾನೇ ಅದುಮಿ ಇಡುತ್ತೇನೆ.

ಇತಿ,
ದೊಡ್ಡಮ್ಮ