ಬಿ.ಪಿ. ಮಾತ್ರೆಯ ಜೊತೆ ನೋವಿನ ಮಾತ್ರೆ

ಮಾನ್ಯರೇ,

ರಕ್ತದೊತ್ತಡ ಏರಿದರೆ ಕಿಡ್ನಿ ಕೆಡುತ್ತದೆ ಎಂದು ಪತ್ರಿಕೆಗಳು ಆಗಾಗ ಎಚ್ಚರಿಸುತ್ತವೆ. ಒತ್ತಡ ಕುಸಿದಾಗ ಕಿಡ್ನಿ ಪಡುವ ಪಾಡನ್ನು ನಾನು ಅರಿತದ್ದು ಅಣ್ಣನ ಆಸ್ಪತ್ರೆಯ ಮಂಚದ ಪಕ್ಕ ಕುಳಿತು.

ಅಣ್ಣನಿಗೆ 68 ವರ್ಷ. ಬಿ.ಪಿ.ಗೆ ದಿನಕ್ಕೆ ಎರಡು ಮಾತ್ರೆ: ಒಂದು, ರಕ್ತನಾಳ ಬಿಗಿಯುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನನ್ನು ತಡೆಯುವಂಥದ್ದು, ಇನ್ನೊಂದು ಮೂತ್ರ ಹೆಚ್ಚಿಸುವಂಥದ್ದು. ಮಂಡಿನೋವೆಂದು ಯಾರನ್ನೂ ಕೇಳದೆ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಶುರು ಮಾಡಿದ. ಹತ್ತನೆಯ ದಿನ ವಾಂತಿಭೇದಿ. ಮರುದಿನ ಸಂಜೆಯಾದರೂ ಅರ್ಧ ಲೋಟ ಮೂತ್ರ ಬರಲಿಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್, ರಕ್ತದಲ್ಲಿ 1.1 ಇದ್ದದ್ದು 3.4ಕ್ಕೆ ಏರಿತ್ತು.

ಮೂವತ್ತು ವರ್ಷ ಮಕ್ಕಳಿಗೆ ಮೂತ್ರಪಿಂಡವೆಂದರೆ ಸೋಸುವ ಜರಡಿ ಎಂದೇ ಪಾಠ ಹೇಳಿದವಳು ನಾನು. ವಾರ್ಡಿನ ಕಿರಿಯ ವೈದ್ಯೆಯೊಬ್ಬರು ಲ್ಯಾಬ್ ವರದಿಯ ಬೆನ್ನಿಗೆ ಪೆನ್ನಿನಲ್ಲಿ ಗೀಚಿ ತೋರಿಸಿದ ಚಿತ್ರ ಬೇರೆಯೇ ಆಗಿತ್ತು. ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ, ಸುಮಾರು ಹತ್ತು ಲಕ್ಷ ರಕ್ತನಾಳದ ಗಂಟುಗಳು. ಪ್ರತಿ ಗಂಟಿಗೂ ರಕ್ತ ತರುವ ಕಿರುನಾಳ ಒಂದು, ಒಯ್ಯುವುದು ಇನ್ನೊಂದು. ಒತ್ತಡ ಏರಿ ತರುವ ನಾಳ ಹಿಗ್ಗಿತೋ, ಅದರ ಗೋಡೆಯ ಸ್ನಾಯು ಕೆಲವೇ ಸೆಕೆಂಡುಗಳಲ್ಲಿ ತಾನೇ ಬಿಗಿದುಕೊಳ್ಳುತ್ತದೆ. ಸೋಸಿದ ನೀರು ಮುಂದೆ ಹರಿಯುವ ನಳಿಕೆಯಲ್ಲಿ ಉಪ್ಪು ಹೆಚ್ಚು ಹರಿದರೆ ಅಲ್ಲಿಯ ಜೀವಕೋಶಗಳೂ ಆ ನಾಳಕ್ಕೆ ಬಿಗಿಯುವಂತೆ ಸುದ್ದಿ ಮುಟ್ಟಿಸುತ್ತವೆ. ಒತ್ತಡ ಇಳಿದಾಗ ತರುವ ನಾಳ ಸಡಿಲಗೊಂಡು, ಒಯ್ಯುವ ನಾಳ ಬಿಗಿದು, ಗಂಟಿನೊಳಗಿನ ಒತ್ತಡವನ್ನು ಹಿಡಿದಿಡುತ್ತವೆ. ಆರೋಗ್ಯವಂತರಲ್ಲಿ ಸರಾಸರಿ ರಕ್ತದೊತ್ತಡ (ಬಿ.ಪಿ.ಯ ಮೇಲಿನ, ಕೆಳಗಿನ ಅಂಕಿಗಳ ನಡುವಿನದು) ಸುಮಾರು 80ರಿಂದ 160ರ ನಡುವೆ ಏರಿಳಿದರೂ ಸೋಸುವ ಕೆಲಸ ಹೆಚ್ಚುಕಡಿಮೆ ಒಂದೇ ಸಮ ಸಾಗುತ್ತದೆ. ಎಂಥ ಕಾವಲು!

ತರುವ ನಾಳವನ್ನು ಸಂಕಟದ ಹೊತ್ತಿನಲ್ಲಿ ತೆರೆದಿಡುವುದು ದೇಹವೇ ತಯಾರಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಐಬುಪ್ರೊಫೆನ್ ಅದು ತಯಾರಾಗುವುದನ್ನೇ ತಡೆಯುತ್ತದೆ. ಒಯ್ಯುವ ನಾಳವನ್ನು ಬಿಗಿಯುವುದು ಆಂಜಿಯೊಟೆನ್ಸಿನ್, ಅದನ್ನು ಬಿ.ಪಿ. ಮಾತ್ರೆ ತಡೆದಿತ್ತು. ಭೇದಿಯಿಂದಲೂ ಮೂತ್ರದ ಮಾತ್ರೆಯಿಂದಲೂ ಮೈಯ ನೀರು ಬತ್ತಿ ಒತ್ತಡ ಕುಸಿದಾಗ, ಅಣ್ಣನ ಕಿಡ್ನಿಯ ಎರಡೂ ಕೈ ಕಟ್ಟಿಹಾಕಿದಂತಾಯಿತು.

ನಾನು ಬಿ.ಪಿ. ಮಾತ್ರೆಯನ್ನು ದೂರುತ್ತಿಲ್ಲ. ಅತಿಯಾದ ಒತ್ತಡದಿಂದ ಆ ಗಂಟುಗಳನ್ನು ಕಾಯುವುದೂ ಅದೇ. ಹೆದರಿ ಯಾರೂ ತಾವಾಗಿ ಅದನ್ನು ಬಿಡಬಾರದು. ಅಣ್ಣನಿಗೆ ವೈದ್ಯರೇ ಕೆಲವು ದಿನ ನಿಲ್ಲಿಸಿ, ಡ್ರಿಪ್ ಕೊಟ್ಟರು. ಮೂರು ವಾರದಲ್ಲಿ ಕ್ರಿಯಾಟಿನಿನ್ 1.3ಕ್ಕೆ ಇಳಿಯಿತು. ಎಲ್ಲರಿಗೂ ಹೀಗೆ ಇಳಿಯುವುದಿಲ್ಲ ಎಂದು ಆ ವೈದ್ಯೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ನೋವಿನ ಮಾತ್ರೆ ಕೊಡುವವರು ‘ಬಿ.ಪಿ.ಗೆ ಏನಾದರೂ ತೆಗೆದುಕೊಳ್ಳುತ್ತೀರಾ?’ ಎಂದು ಒಮ್ಮೆ ಕೇಳಲಿ. ಬಿ.ಪಿ. ಮಾತ್ರೆ ಬರೆದುಕೊಡುವ ವೈದ್ಯರು, ವಾಂತಿಭೇದಿಯಾದರೆ ಏನು ಮಾಡಬೇಕೆಂಬುದನ್ನೂ ಅದೇ ಚೀಟಿಯಲ್ಲಿ ಬರೆಯಲಿ.

– ನಿವೃತ್ತ ವಿಜ್ಞಾನ ಶಿಕ್ಷಕಿ