ಶಾಸಕರೇ, ಅಂದ ಮಾತನ್ನು ಅದೇ ಮೈಕಿನಲ್ಲಿ ಹಿಂದಕ್ಕೆ ತಗೊಳ್ಳಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಬಳ್ಳಾರಿ ಜಿಲ್ಲೆಯ ಗಡಿ ಊರಿನವಳು. ನಮ್ಮ ಹೊಲದ ಬದು ದಾಟಿದರೆ ಆಂಧ್ರ. 2020ರ ಡಿಸೆಂಬರ್ ಚುನಾವಣೆಯಲ್ಲಿ ಸಾಮಾನ್ಯ ಮಹಿಳೆಗೆ ಮೀಸಲಾದ ಸ್ಥಾನದಿಂದ ಗ್ರಾಮ ಪಂಚಾಯಿತಿಗೆ ಗೆದ್ದೆ, ಆಮೇಲೆ ಅಧ್ಯಕ್ಷೆಯಾದೆ. ಅಲ್ಲಿಂದ ಇಲ್ಲಿಯವರೆಗೆ ಒಂದು ಮಾತು ನನ್ನ ಬೆನ್ನು ಬಿಟ್ಟಿಲ್ಲ: "ಆಕಿ ಆಂಧ್ರದಾಕಿ, ಅಧ್ಯಕ್ಷಿ ಆಗಾಕ ಹಕ್ಕಿಲ್ಲ, ಸುಳ್ಳು ದಾಖಲೆ ಕೊಟ್ಟು ಕುಂತಾಳ."

ಇದನ್ನು ಹಬ್ಬಿಸಿದವರು ನಿಮ್ಮ ಹಿಂದೆ ಓಡಾಡುವ ಹುಡುಗರು. ಚರಂಡಿ ಕೆಲಸ ಅರ್ಧಕ್ಕೆ ನಿಂತಿದೆ, ಪೂರ್ತಿ ಬಿಲ್ಲಿಗೆ ಸಹಿ ಹಾಕಲ್ಲ ಎಂದು ನಾನು ಹೇಳಿದ ವಾರವೇ ಶುರುವಾಯಿತು. ಅವರ ಮಾತನ್ನು ನುಂಗಿಕೊಂಡೆ. ಆದರೆ ಹೋದ ತಿಂಗಳು ಶಾಲೆ ಕೊಠಡಿಯ ಉದ್ಘಾಟನೆಗೆ ಬಂದ ನೀವೇ ಮೈಕ್ ಹಿಡಿದು, "ಆಕೆ ಯಾವ ರಾಜ್ಯದವಳು ಅಂತ ಮೊದಲು ದಾಖಲೆ ತೋರಿಸಲಿ" ಎಂದಿರಿ. ಜನ ನಕ್ಕರು. ಸ್ವಾಗತಗೀತೆ ಹಾಡಿ ವೇದಿಕೆಯ ಪಕ್ಕ ನಿಂತಿದ್ದ ನನ್ನ ಮಗಳು ನಗಲಿಲ್ಲ. ಆ ರಾತ್ರಿ ಊಟ ಬಿಟ್ಟು ಮಲಗಿದಳು. "ಅಮ್ಮಾ, ನಿನ್ನನ್ನ ವಾಪಸ್ ಕಳಿಸ್ತಾರಾ?" ಎಂದು ಕೇಳಿದಳು. ಈ ಪತ್ರ ಬರೆಯುವುದಕ್ಕೆ ಅದೊಂದು ಪ್ರಶ್ನೆ ಸಾಕಾಯಿತು.

ದಾಖಲೆ ತೋರಿಸಿಲ್ಲವೇ ನಾನು? ವೋಟರ್ ಕಾರ್ಡ್, ರೇಷನ್ ಕಾರ್ಡ್, ಮದುವೆಯ ಲಗ್ನಪತ್ರಿಕೆ, ಶಾಲೆಯ ಟಿಸಿ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಗ್ರಾಮಸಭೆಗೆ ಹೋಗಿದ್ದೆ. ಟಿಸಿ ತೆಲುಗಿನಲ್ಲಿದೆ. ನಿಮ್ಮ ಹುಡುಗರು ಅದರ ಫೋಟೋ ಹೊಡೆದು ಸಂಜೆಯೊಳಗೆ ಊರಿನ ಎಲ್ಲ ಗ್ರೂಪಿಗೂ ಹಾಕಿದರು: "ನೋಡ್ರಿ, ಆಂಧ್ರದಾಕಿ ಅಂತ ತಾನೇ ಒಪ್ಪಿಕೊಂಡಾಳ." ಹುಟ್ಟಿದ್ದು ಆದೋನಿಯಲ್ಲಿ ಎಂದು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ದೊಡ್ಡ ಮಗನ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು. ಈ ಪತ್ರವನ್ನು ಆ ಅಕ್ಷರದಲ್ಲೇ ಬರೆಯುತ್ತಿದ್ದೇನೆ.

ಆದೋನಿಯೆಂದರೆ ಬೇರೆ ದೇಶ ಎಂಬಂತೆ ಮಾತಾಡುತ್ತೀರಲ್ಲ, 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು, ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ನಮ್ಮ ತಾತನ ಹೊಲದ ಕಾಗದದಲ್ಲಿ ಇವತ್ತಿಗೂ "ಬಳ್ಳಾರಿ ಜಿಲ್ಲೆ, ಆದೋನಿ ತಾಲೂಕು" ಎಂದೇ ಇದೆ. ಗೆರೆ ಎಳೆದವರು ಬೇರೆಯವರು. ಹೆಣ್ಣು ಕೊಡುವುದು ತರುವುದು ಗೆರೆ ಎಳೆದ ಮೇಲೂ ನಿಂತಿಲ್ಲ. ನಿಮ್ಮ ಮಗನ ಮದುವೆಗೆ ನಮ್ಮೂರಿನಿಂದ ಎರಡು ಟ್ರ್ಯಾಕ್ಟರ್ ಜನ ಗಡಿಯಾಚೆ ಬಂದು ಉಂಡು ಹರಸಿ ಬಂದೆವು. ನಿಮ್ಮ ಸೊಸೆಯನ್ನು ಯಾರೂ ಮೈಕಿನಲ್ಲಿ ದಾಖಲೆ ಕೇಳಿಲ್ಲ, ಕೇಳಲೂಬಾರದು.

ನಾನು ಸೊಸೆಯಾಗಿ ಬಂದದ್ದು 1998ರಲ್ಲಿ. ಮರುವರ್ಷವೇ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು ನಿಂತರು. ನನ್ನ ಮೊದಲ ವೋಟು ಅದು. ಎಲ್ಲಿ ನೋಡಿದರೂ ವಿದೇಶಿ ಸೊಸೆ, ಸ್ವದೇಶಿ ಮಗಳು ಎಂಬುದೇ ಮಾತು. ಸುಷ್ಮಾ ಅವರು ಕನ್ನಡ ಕಲಿತು ಭಾಷಣ ಮಾಡಿದರು. ಸೋನಿಯಾ 56 ಸಾವಿರ ವೋಟಿಗೂ ಹೆಚ್ಚಿನ ಅಂತರದಲ್ಲಿ ಗೆದ್ದು, ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು, ಆ ಸಿಟ್ಟು ನನಗೂ ಇದೆ. ಆದರೆ 1983ರಲ್ಲೇ ಪೌರತ್ವ ಪಡೆದ ಅವರ ಅರ್ಹತೆ ಪ್ರಶ್ನಿಸಿದವರು ಕೋರ್ಟಿಗೆ ಹೋದರು, 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ತಕರಾರು ಇದ್ದವರು ಹೋಗಬೇಕಾದ ಜಾಗ ಅದು. ಶಾಲೆಯ ಅಂಗಳವಲ್ಲ.

ಕಾಗದ ತೋರಿಸಿದರೆ ಬಾಯಿ ಮುಚ್ಚುತ್ತಾರೆ ಎಂದು ನಂಬಿದ್ದೆ. ಮಗ ಬೆಂಗಳೂರಿನಿಂದ ಫೋನ್ ಮಾಡಿ ಅಮೆರಿಕದ ಒಬಾಮಾ ಕಥೆ ಹೇಳಿದ. ಆತ ಹುಟ್ಟಿದ್ದು 1961ರಲ್ಲಿ, ಹವಾಯಿಯ ಹೊನೊಲುಲುವಿನಲ್ಲಿ. ಕೀನ್ಯಾದಲ್ಲಿ ಹುಟ್ಟಿದವನು, ಅಧ್ಯಕ್ಷನಾಗಲು ಅರ್ಹನಲ್ಲ ಎಂದು ಹಬ್ಬಿಸಿದರು. 2008ರಲ್ಲಿ ಜನನ ಪ್ರಮಾಣಪತ್ರ ತೋರಿಸಿದರೆ ಇದು ಸಾಲದು, ಪೂರ್ತಿಯದು ಬೇಕು ಎಂದರು. 2011ರ ಏಪ್ರಿಲ್‌ನಲ್ಲಿ ಪೂರ್ತಿಯದನ್ನೂ ಹೊರಗಿಟ್ಟರೆ ನಕಲಿ ಎಂದರು. ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತವನ ಪಾಡೇ ಹೀಗಾದರೆ ನನ್ನ ಪ್ಲಾಸ್ಟಿಕ್ ಕವರಿಗೆ ಏನು ಬೆಲೆ? ಕೇಳುವವರಿಗೆ ದಾಖಲೆ ಬೇಕಿಲ್ಲ ಸಾರ್, ನಾನು ತಲೆತಗ್ಗಿಸಬೇಕು.

ಕಾನೂನು ನಿಮಗೆ ಗೊತ್ತಿಲ್ಲದ್ದೇನಲ್ಲ. ಪಂಚಾಯಿತಿಗೆ ನಿಲ್ಲಲು 21 ವರ್ಷ ತುಂಬಿರಬೇಕು, ಅಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಅನರ್ಹತೆ ಇರಬಾರದು. ಎಲ್ಲಿ ಹುಟ್ಟಿದೆ ಎಂದು ಅದು ಕೇಳುವುದಿಲ್ಲ. ನನ್ನದು ಜಾತಿ ಪ್ರಮಾಣಪತ್ರ ಬೇಕಾದ ಸೀಟೂ ಅಲ್ಲ. ಫಲಿತಾಂಶ ಬಂದ ಮೂವತ್ತು ದಿನದೊಳಗೆ ಕೋರ್ಟಿಗೆ ಹೋಗಬಹುದಿತ್ತು. ಒಬ್ಬರೂ ಹೋಗಲಿಲ್ಲ. ಹೋಗಿದ್ದರೆ ಪ್ರಮಾಣ ಮಾಡಿ ಸಾಕ್ಷಿ ಕೊಡಬೇಕಾಗುತ್ತಿತ್ತಲ್ಲ.

ಇದು ನನ್ನೊಬ್ಬಳ ಸಂಕಟವಾಗಿದ್ದರೆ ಇನ್ನೂ ತಡೆದುಕೊಳ್ಳುತ್ತಿದ್ದೆ. ನಮ್ಮ ಓಣಿಯಲ್ಲಿ ಆಚೆ ಕಡೆಯಿಂದ ಬಂದ ಸೊಸೆಯಂದಿರು ಎರಡು ಮನೆಗೊಬ್ಬರಿದ್ದಾರೆ. ಸ್ವಸಹಾಯ ಸಂಘದ ಲೆಕ್ಕವನ್ನು ಪೈಸೆ ತಪ್ಪದೆ ಬರೆಯುವ ಹುಡುಗಿಯೊಬ್ಬಳು ಈ ಸಲ ಚುನಾವಣೆಗೆ ನಿಲ್ಲುತ್ತೇನೆ ಎಂದಿದ್ದಳು. ನಿಮ್ಮ ಭಾಷಣವಾದ ಮೂರನೇ ದಿನ ಬಂದು, "ಅಕ್ಕಾ, ನನಗೆ ಬ್ಯಾಡ, ನಮ್ಮತ್ತೆ ಅಳಾಕ ಹತ್ಯಾರ" ಎಂದಳು. ಇನ್ನೊಬ್ಬಳು, ನಮ್ಮ ಹೆಸರು ವೋಟರ್ ಲಿಸ್ಟಿನಿಂದ ತೆಗೀತಾರಾ ಎಂದು ಕೇಳಿದಳು. ನಿಮ್ಮ ಒಂದು ಮಾತಿಗೆ ಇಷ್ಟು ಮನೆಗಳಲ್ಲಿ ಹೆದರಿಕೆ ಹೊಕ್ಕಿದೆ.

ನನಗೆ ಕ್ಷಮಾಪಣೆ ಪತ್ರ ಬೇಡ, ಶಾಲು ಹಾರ ಬೇಡ. ಅಂದ ಮಾತನ್ನು ಅದೇ ಮೈಕಿನಲ್ಲಿ ಹಿಂದಕ್ಕೆ ತಗೊಳ್ಳಿ. ಆಕೆ ಅರ್ಹಳಾಗಿದ್ದಳು, ನಾನು ಹೇಳಿದ್ದು ತಪ್ಪು ಎಂದು ಹೇಳಿ. ನಿಮ್ಮ ಹುಡುಗರಿಗೂ ಅದನ್ನೇ ಗ್ರೂಪಿನಲ್ಲಿ ಹಾಕಲು ಹೇಳಿ.

ಬರುವ ತಿಂಗಳು ನೀರಿನ ಟ್ಯಾಂಕ್ ಉದ್ಘಾಟನೆಗೆ ಬರುತ್ತೀರೆಂದು ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದ್ದಾರೆ. ನಾನು ಮಗಳನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ಅವತ್ತು ಹೇಳಿ.

ಇಂತಿ,
ಮಾಜಿ ಅಧ್ಯಕ್ಷೆ, ಗ್ರಾಮ ಪಂಚಾಯಿತಿ
ಬಳ್ಳಾರಿ ಜಿಲ್ಲೆ